ಕಟ್ಟ ಉಳಿಯುವುದು ತಳದಿಂದ, ಒಡೆಯುವುದು ಬದಿಯಿಂದ

ಡಿಸೆಂಬರ್ ಬಂತೆಂದರೆ ನಮ್ಮ ಕರಾವಳಿಯ ಪತ್ರಿಕೆಗಳ ಒಳಪುಟದಲ್ಲಿ ಒಂದೇ ನಮೂನೆಯ ಫೋಟೊ: ತೋಡಿನೊಳಗೆ (ಸಣ್ಣ ಹೊಳೆ) ಸಾಲಾಗಿ ನಿಂತ ಯುವಕ ಮಂಡಲದವರು, ಎನ್ನೆಸ್ಸೆಸ್ ಮಕ್ಕಳು, ಸಂಘದ ಹೆಂಗಸರು, ಕೈಯಿಂದ ಕೈಗೆ ಸಾಗುವ ಮರಳಿನ ಚೀಲ. ಒಳ್ಳೆಯ ಕೆಲಸ, ಸಂಶಯವಿಲ್ಲ. ಆದರೆ ನೀರು ನಿಲ್ಲಿಸಲು ಹೀಗೆ ಹಾಕಿದ ಕಟ್ಟಗಳನ್ನು, ಅಂದರೆ ತಾತ್ಕಾಲಿಕ ಒಡ್ಡುಗಳನ್ನು, ಫೆಬ್ರವರಿಯಲ್ಲಿ ಹೋಗಿ ನೋಡಿ. ಎಷ್ಟೋ ಕಡೆ ಚೀಲದ ಗೋಡೆ ನೆಟ್ಟಗೆ ನಿಂತಿರುತ್ತದೆ, ನೀರು ಮಾತ್ರ ಮೇಲೂ ಕೆಳಗೂ ಒಂದೇ ಮಟ್ಟದಲ್ಲಿರುತ್ತದೆ. ಕಟ್ಟಿದವರ ಉತ್ಸಾಹದಲ್ಲಿ ಕೊರತೆಯಿಲ್ಲ. ತಳದ ಒಂದು ಅಡಿ, ಎರಡು ದಂಡೆಗಳ ಎರಡೆರಡು ಅಡಿ, ಆಮೇಲಿನ ಕಾವಲು, ಈ ಮೂರನ್ನು ಯಾರೂ ತಮ್ಮ ಕೆಲಸ ಅಂದುಕೊಂಡಿರುವುದಿಲ್ಲ.

ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನಲ್ಲಿ ವರ್ಷಕ್ಕೆ ಮೂರೂವರೆ ನಾಲ್ಕು ಸಾವಿರ ಮಿಲಿಮೀಟರ್ ಮಳೆ ಬೀಳುತ್ತದೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು, ಘಟ್ಟದಿಂದ ಕಡಲಿಗಿರುವ ಸಣ್ಣ ದೂರವನ್ನು ಬೇಗ ಓಡಿ ಮುಗಿಸುತ್ತದೆ. ಮಾರ್ಚ್‌ಗೆ ಬಾವಿಯ ತಳ ಕಾಣುತ್ತದೆ. ಅದಕ್ಕೇ ಹಿರಿಯರು ಮಳೆಗಾಲ ಮುಗಿದ ಮೇಲೆ ತೋಡಿಗೆ ಕಲ್ಲು, ಮಣ್ಣು, ಸೊಪ್ಪಿನ ಕಟ್ಟ ಹಾಕಿ ನೀರನ್ನು ಕಣಿಗಳ ಮೂಲಕ ಗದ್ದೆ ತೋಟಗಳಿಗೆ ಹಾಯಿಸುತ್ತಿದ್ದರು. ಭತ್ತದ ಎರಡನೇ ಬೆಳೆಯಾದ ಸುಗ್ಗಿ ನಿಂತಿದ್ದದ್ದು ಆ ನೀರಿನ ಮೇಲೆ, ಕೆಲವು ಕಡೆ ಮೂರನೆಯ ಬೆಳೆ ಕೊಳಕೆಯೂ. ಪಂಪು, ಕೊಳವೆಬಾವಿ ಬಂದ ಮೇಲೆ ಕಟ್ಟ ಹಿಂದೆ ಸರಿಯಿತು. ಕಾಸರಗೋಡಿನ ಏತಡ್ಕದಂಥ ಊರುಗಳು ಬಿಡದೆ ನಡೆಸಿಕೊಂಡು ಬಂದವು. ಒಂದೇ ತೋಡಿಗೆ ಸಾಲಾಗಿ ಕಟ್ಟ ಹಾಕುವ ಕ್ರಮವನ್ನು ನೋಡಿ ಕಲಿಯಬೇಕಾದವರು ಈಗಲೂ ಅಲ್ಲಿಗೇ ಹೋಗುತ್ತಾರೆ.

ಎಲ್ಲಿ ಕಟ್ಟಬೇಕು ಎಂಬುದು ಮೊದಲ ಪ್ರಶ್ನೆ. ರಸ್ತೆ ಬದಿಯಲ್ಲಿ, ವಾಹನ ಬರುವಲ್ಲಿ, ಬ್ಯಾನರ್ ಕಾಣುವಲ್ಲಿ ಕಟ್ಟುವುದು ಇತ್ತೀಚಿನ ಚಾಳಿ. ತೋಡು ಕಿರಿದಾಗುವ, ಎರಡೂ ದಂಡೆ ಎತ್ತರವಿರುವ, ತಳದಲ್ಲಿ ಮುರಕಲ್ಲೋ ಜೇಡಿಮಣ್ಣೋ ಹತ್ತಿರದಲ್ಲೇ ಸಿಗುವ ಜಾಗ ಬೇಕು. ಕಬ್ಬಿಣದ ಸಲಾಕೆ ತೆಗೆದುಕೊಂಡು ತೋಡಿನ ಅಗಲಕ್ಕೂ ಎರಡೆರಡು ಅಡಿಗೆ ಒಂದರಂತೆ ಚುಚ್ಚಿ ನೋಡಿ. ಅರ್ಧ ಒಂದು ಅಡಿಗೆ ಗಟ್ಟಿ ತಾಗಿದರೆ ಸರಿ. ಮೂರಡಿ ಹೋದರೂ ಮರಳೇ ಸಿಕ್ಕಿದರೆ ಆ ಜಾಗ ಬಿಡಿ. ಮರಳಿನ ಮೇಲೆ ಎಷ್ಟು ಚೀಲ ಪೇರಿಸಿದರೂ ನೀರು ಅಡಿಯಿಂದ ನುಸುಳುತ್ತದೆ. ನುಸುಳುವಾಗ ಸಣ್ಣ ಮರಳನ್ನೂ ಜೊತೆಗೆ ಒಯ್ಯುತ್ತದೆ, ತೂತು ದೊಡ್ಡದಾಗುತ್ತದೆ, ಒಂದು ದಿನ ನಡುವಿನ ಚೀಲಗಳು ಕುಸಿಯುತ್ತವೆ.

ಎರಡನೆಯದು ಎತ್ತರ. ಇಲ್ಲಿ ಆಸೆ ಕೆಲಸ ಮಾಡುತ್ತದೆ, 4 ಅಡಿ ಸಾಕಾದಲ್ಲಿ 6 ಅಡಿ ಕಟ್ಟೋಣ ಎನ್ನುವವರು ಎಲ್ಲ ಊರಲ್ಲೂ ಇರುತ್ತಾರೆ. ಲೆಕ್ಕ ಹೀಗಿದೆ. 25 ಅಡಿ ಉದ್ದದ ಕಟ್ಟದಲ್ಲಿ 4 ಅಡಿ ನೀರು ನಿಂತರೆ ಗೋಡೆಯ ಮೇಲೆ ಬೀಳುವ ಒಟ್ಟು ಒತ್ತಡ ಸುಮಾರು ಐದೂವರೆ ಟನ್. 6 ಅಡಿ ನಿಂತರೆ ಹನ್ನೆರಡೂವರೆ ಟನ್. ಎತ್ತರ ಒಂದೂವರೆ ಪಟ್ಟು, ಒತ್ತಡ ಎರಡೂಕಾಲು ಪಟ್ಟು. ಚೀಲದ ಕಟ್ಟಕ್ಕೆ 4 ಅಡಿ ಮಿತಿ ಇಟ್ಟುಕೊಳ್ಳುವುದೇ ಕ್ಷೇಮ. ಹೆಚ್ಚು ನೀರು ಬೇಕಿದ್ದರೆ ಮೇಲೆ ಇನ್ನೊಂದು ಕಟ್ಟ ಕಟ್ಟಿ.

ಎತ್ತರಕ್ಕೆ ಇನ್ನೊಂದು ಮಿತಿಯಿದೆ, ಇದನ್ನು ಮರೆತಲ್ಲಿ ಜಗಳವಾಗುತ್ತದೆ. ಕಟ್ಟದ ತುಂಬು ಮಟ್ಟ ಪಕ್ಕದ ಅಡಿಕೆ ತೋಟದ ಬಸಿಗಣಿಯ ತಳಕ್ಕಿಂತ ಮೇಲೆ ಹೋಗಬಾರದು. ಹೋದರೆ ಕಣಿಯಲ್ಲಿ ನೀರು ಹಿಂದಕ್ಕೆ ನಿಲ್ಲುತ್ತದೆ, ಬೇರು ಉಸಿರು ಕಟ್ಟಿ ಕೊಳೆಯುತ್ತದೆ, ಸೋಗೆ ಹಳದಿಯಾಗುತ್ತದೆ. ಆಮೇಲೆ ಆ ತೋಟದವರು ರಾತ್ರಿ ಬಂದು ಕಟ್ಟ ಕಡಿದರೆ ತಪ್ಪು ಅವರದ್ದೆನ್ನಲಾಗದು. ಮಟ್ಟ ನೋಡಲು ಮೇಸ್ತ್ರಿಗಳ ಟ್ಯೂಬ್ ಲೆವೆಲ್ ಸಾಕು. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಇಲ್ಲದಂತೆ ನೀರು ತುಂಬಿ, ಒಂದು ತುದಿಯನ್ನು ಅತಿ ತಗ್ಗಿನ ತೋಟದ ಕಣಿಯ ತಳಕ್ಕೂ ಇನ್ನೊಂದನ್ನು ಕಟ್ಟದ ಜಾಗದ ಗೂಟಕ್ಕೂ ಹಿಡಿಯಿರಿ. ದೂರ ಹೆಚ್ಚಿದ್ದರೆ ನಡುವೆ ಗೂಟ ನೆಟ್ಟು ಗುರುತು ದಾಟಿಸುತ್ತ ಬನ್ನಿ. ಕೊನೆಯ ಗೂಟದಲ್ಲಿ ಬಿದ್ದ ಗುರುತಿಗಿಂತ ಅರ್ಧ ಅಡಿ ಕೆಳಗೆ ಕಟ್ಟದ ಕೋಡಿ ಬರಬೇಕು. ಗುರುತು ಹಾಕುವಾಗ ಆ ತೋಟದವರು ಪಕ್ಕದಲ್ಲೇ ನಿಂತಿರಲಿ.

ಸಮಯದ ವಿಷಯ. ನವೆಂಬರ್ ಮೊದಲ ವಾರ ಕಟ್ಟಿದರೆ ಹಿಂಗಾರಿನ ಒಂದು ಜೋರು ಮಳೆ ಎಲ್ಲವನ್ನೂ ಒಯ್ಯುತ್ತದೆ. ಮಕರ ಸಂಕ್ರಾಂತಿ ಕಳೆದ ಮೇಲೆ ಕಟ್ಟಿದರೆ ತುಂಬಲು ನೀರಿರುವುದಿಲ್ಲ. ನವೆಂಬರ್ ಕೊನೆಯಿಂದ ಡಿಸೆಂಬರ್ ನಡುವಿನವರೆಗೆ ಹೆಚ್ಚಿನ ತೋಡುಗಳಿಗೆ ಸರಿಹೊಂದುತ್ತದೆ. ತಾರೀಕಿಗಿಂತ ಹರಿವನ್ನು ಅಳೆಯುವುದು ಒಳ್ಳೆಯದು. ತೋಡು ನೇರವಾಗಿರುವ 20 ಅಡಿ ಉದ್ದ ಗುರುತು ಮಾಡಿ, ತೇಲುವ ಒಣ ಕಡ್ಡಿ ಬಿಟ್ಟು ಎಷ್ಟು ಸೆಕೆಂಡಿಗೆ ದಾಟುತ್ತದೆ ನೋಡಿ. ಅಗಲ 6 ಅಡಿ, ಆಳ 4 ಅಂಗುಲ, 20 ಸೆಕೆಂಡು ಎಂದಿಟ್ಟುಕೊಳ್ಳಿ. ತಳದ ನೀರು ನಿಧಾನ ಹರಿಯುವುದರಿಂದ 0.8ರಿಂದ ಗುಣಿಸಬೇಕು. ಸೆಕೆಂಡಿಗೆ 1.6 ಘನ ಅಡಿ, ಅಂದರೆ 45 ಲೀಟರ್ ಬರುತ್ತದೆ.

ಈಗ ಸಂಗ್ರಹ. ತೋಡಿನ ಇಳಿಜಾರು 200 ಅಡಿಗೆ 1 ಅಡಿ ಇದ್ದರೆ 4 ಅಡಿ ಕಟ್ಟದ ಹಿನ್ನೀರು 800 ಅಡಿಯವರೆಗೆ ಹೋಗುತ್ತದೆ. 25 ಅಡಿ ಅಗಲಕ್ಕೆ ಸುಮಾರು 40,000 ಘನ ಅಡಿ, 11 ಲಕ್ಷ ಲೀಟರ್. ಮೇಲಿನ ಹರಿವಿನಲ್ಲಿ 7 ಗಂಟೆಯಲ್ಲಿ ತುಂಬುತ್ತದೆ. ಹರಿವು 5 ಲೀಟರಿಗೆ ಇಳಿದ ಮೇಲೆ ಕಟ್ಟಿದರೆ ಎರಡೂವರೆ ದಿನ ಬೇಕು, ಅದೂ ಒಂದು ಹನಿಯೂ ಇಂಗದಿದ್ದರೆ.

11 ಲಕ್ಷ ಲೀಟರ್ ಎಂದರೆ ಭಾರಿ ಅನಿಸುತ್ತದೆ. ಹನಿ ನೀರಾವರಿಯಲ್ಲಿ ಅಡಿಕೆ ಮರವೊಂದಕ್ಕೆ ಬೇಸಗೆಯಲ್ಲಿ ದಿನಕ್ಕೆ 16ರಿಂದ 20 ಲೀಟರ್ ಬೇಕು. 9 ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಮರ, ದಿನಕ್ಕೆ ಹತ್ತಿರ ಹತ್ತಿರ 11,000 ಲೀಟರ್. ಹಾಗಾದರೆ ತುಂಬಿದ ಕಟ್ಟದ ನೀರು ಒಂದು ಎಕರೆಗೆ 100 ದಿನ, ಅಷ್ಟೆ. ಇಷ್ಟಕ್ಕಾಗಿ ಇಡೀ ಊರು ಸೇರಬೇಕೇ ಎಂದು ಕೇಳುವವರು ಅರ್ಧ ಲೆಕ್ಕ ಮಾತ್ರ ಹಾಕುತ್ತಾರೆ. ಕಟ್ಟದ ಲಾಭ ನಿಂತ ನೀರಿಗಿಂತ ಇಂಗಿದ ನೀರಿನಲ್ಲಿ ಹೆಚ್ಚು. ಹರಿವು ಇರುವಷ್ಟು ದಿನವೂ ಕಟ್ಟ ತುಂಬಿಯೇ ಇರುತ್ತದೆ, 800 ಅಡಿ ಉದ್ದಕ್ಕೂ ಎರಡೂ ದಂಡೆಗಳೊಳಗೆ ನೀರು ಹೋಗುತ್ತಲೇ ಇರುತ್ತದೆ, ಪಕ್ಕದ ಬಾವಿಗಳು ಅದನ್ನು ಕುಡಿಯುತ್ತವೆ. ಒಂದು ಎತ್ತರದ ಕಟ್ಟಕ್ಕಿಂತ ನಾಲ್ಕು ಗಿಡ್ಡ ಕಟ್ಟ ಮೇಲು ಎನ್ನುವುದಕ್ಕೆ ಇದೂ ಕಾರಣ.

ಕಟ್ಟುವ ಕ್ರಮಕ್ಕೆ ಬರೋಣ. ಜೇಡಿಮಣ್ಣು ಸಿಗುವ ಊರಲ್ಲಿ ಎರಡು ಗೋಡೆ, ನಡುವೆ ಮಣ್ಣು. ಮಣ್ಣು ಸಿಗದಲ್ಲಿ ತಳದಲ್ಲಿ 5 ಅಡಿ, ಮೇಲೆ 2 ಅಡಿ ದಪ್ಪದ ಒಂದೇ ಗೋಡೆ, ಅದರ ಮುಖಕ್ಕೆ ಸಿಲ್ಪಾಲಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ಹಾಳೆ. ಎರಡನೆಯದಕ್ಕೆ 25 ಅಡಿಗೆ 400 ಚೀಲ ಸಾಕು, ಬೇಗ ಆಗುತ್ತದೆ. ಆದರೆ ನಂಬಿಕೆಯದ್ದು ಮೊದಲನೆಯದೇ.

25 ಅಡಿ ಉದ್ದ, 4 ಅಡಿ ಎತ್ತರದ ಎರಡು ಗೋಡೆಯ ಕಟ್ಟಕ್ಕೆ 50 ಕಿಲೊ ಸಿಮೆಂಟಿನ ಖಾಲಿ ಚೀಲ 500 ಬೇಕು. ಗೋಡೆಗಳಿಗೆ 440, ಕೆಳಬದಿಗೆ ಒತ್ತು ಕೊಡಲು 60. ಚೀಲವನ್ನು ಮುಕ್ಕಾಲು ಭಾಗ ಮಾತ್ರ ತುಂಬಿ ಕಟ್ಟಬೇಕು, ಆಗ ಸುಮಾರು 40 ಕಿಲೊ ತೂಗುತ್ತದೆ. ಮಕ್ಕಳು ಹುಮ್ಮಸ್ಸಿನಲ್ಲಿ ಬಾಯಿತನಕ ತುಂಬುತ್ತಾರೆ. ಅಂಥ ಚೀಲ ಉರುಳೆಯಂತೆ ಕೂರುತ್ತದೆ, ಎರಡು ಚೀಲದ ನಡುವೆ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಮುಕ್ಕಾಲು ತುಂಬಿದ್ದು ಚಪ್ಪಟೆಯಾಗಿ ಪಕ್ಕದ್ದಕ್ಕೆ ಒತ್ತಿಕೊಳ್ಳುತ್ತದೆ. ಚೀಲದ ಉದ್ದ ಗೋಡೆಯ ದಪ್ಪಕ್ಕೆ ಬರುವಂತೆ, ಬಾಯಿ ಒಳಮುಖವಾಗಿ ಇಡಿ. ಕೆಳಗಿನ ಸಾಲಿನ ಸಂದಿನ ಮೇಲೆ ಮೇಲಿನ ಸಾಲಿನ ಚೀಲದ ನಡುಭಾಗ ಬರಬೇಕು. ಪ್ರತಿ ಸಾಲು ಮುಗಿದ ಮೇಲೆ ಅದರ ಮೇಲೆ ನಡೆದು ತುಳಿಯಬೇಕು.

ಇದಕ್ಕೂ ಮೊದಲು, ಹಿಂದಿನ ದಿನವೇ, ಐದಾರು ಜನ ತಳದ ಕೆಲಸ ಮುಗಿಸಿರಬೇಕು. ಎಲೆ, ಕಸ, ಕೆಸರು ಎಲ್ಲ ಎತ್ತಿ, ಎರಡು ಗೋಡೆಗಳ ನಡುವೆ ಬರುವ 2 ಅಡಿ ಅಗಲದ ಪಟ್ಟಿಯಲ್ಲಿ ಗಟ್ಟಿ ಮಣ್ಣು ಸಿಗುವವರೆಗೆ, ಕನಿಷ್ಠ 1 ಅಡಿ ಚರಂಡಿ ತೆಗೆಯಬೇಕು. ಅದೇ ಚರಂಡಿಯನ್ನು ಎರಡೂ ದಂಡೆಗಳೊಳಗೆ 2 ಅಡಿ ಕೊರೆದು ಮೇಲಿನವರೆಗೆ ಏರಿಸಬೇಕು. ಫೋಟೊದಲ್ಲಿ ಕಾಣದ ಕೆಲಸ ಇದು. ಆದರೆ ಒಡೆದ ಕಟ್ಟಗಳ ಬಳಿ ಹೋಗಿ ನೋಡಿದರೆ ಚೀಲದ ಗೋಡೆ ಹೆಚ್ಚಾಗಿ ಹಾಗೇ ಇರುತ್ತದೆ, ದಂಡೆ ಕೊರೆದು ನೀರು ಬದಿಯಿಂದ ದಾರಿ ಮಾಡಿಕೊಂಡಿರುತ್ತದೆ. ದಂಡೆ ಕೊರೆಯುವಾಗ ಏಡಿ ಬಿಲ ಕಂಡರೆ ಕೊನೆಯವರೆಗೆ ಅಗೆದು ಮಣ್ಣು ಜಡಿಯಿರಿ. ಬಾಯಿಗೆ ಮಾತ್ರ ಮಣ್ಣು ಮೆತ್ತಿದರೆ ಏಡಿ ಮರುದಿನ ಪಕ್ಕದಲ್ಲಿ ಇನ್ನೊಂದು ಬಾಯಿ ತೆಗೆಯುತ್ತದೆ.

ಕೆಲಸ ನಡೆಯುವಾಗ ನೀರು ಎಲ್ಲಿ ಹೋಗಬೇಕು? ತಳದಲ್ಲಿ 6 ಅಂಗುಲದ ಪಿವಿಸಿ ಪೈಪು ಅಡ್ಡ ಹಾಕಿ ಅದರೊಳಗಿಂದ ಬಿಡಬೇಕು. ಸೆಕೆಂಡಿಗೆ 45 ಲೀಟರ್ ಹರಿವಿಗೆ ಒಂದು ಪೈಪು ಸಾಲದು, ಎರಡು ಹಾಕಿ. ಪೈಪಿನ ಸುತ್ತ ಮಣ್ಣನ್ನು ಕೈಯಿಂದಲೇ ತುರುಕಿ ಒತ್ತಬೇಕು, ನುಣ್ಣನೆಯ ಪೈಪಿನ ಹೊರಮೈ ಹಿಡಿದು ನೀರು ಜಾರಿ ಬರುವುದು ಸಾಮಾನ್ಯ. ಪೈಪಿನ ನಡುವೆ ಒಂದು ಹಳೆ ಗೋಣಿಯನ್ನು ಬಿಗಿಯಾಗಿ ಸುತ್ತಿ ಕಟ್ಟಿದರೆ ಆ ದಾರಿ ಮುಚ್ಚುತ್ತದೆ. ಎಲ್ಲ ಮುಗಿದ ಮೇಲೆ ಮೇಲ್ಬದಿಯಲ್ಲಿ ಮುಚ್ಚಳ ಹಾಕಬೇಕು. ಒಂದು ಪೈಪನ್ನು ಮೊದಲ ದಿನ ಪೂರ್ತಿ ಮುಚ್ಚಬೇಡಿ, ಕೆಳಗಿನ ಮನೆಗಳವರ ತೋಡು ಒಮ್ಮೆಲೇ ಒಣಗಬಾರದು.

ಮಣ್ಣಿನ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ನಡುವಿನ ಜಾಗ 200 ಘನ ಅಡಿ, ಚರಂಡಿ 50, ದಂಡೆಯ ಕೊರೆತ 30ರಷ್ಟು. 100 ಘನ ಅಡಿಯ ಟ್ರೇಲರ್‌ನಲ್ಲಿ ಮೂರು ಲೋಡ್ ಸಾಕೆನಿಸುತ್ತದೆ. ತುಳಿದಾಗ ಮಣ್ಣು ಕುಗ್ಗುತ್ತದೆ, ನಾಲ್ಕು ತರಿಸಿ. ಕೊನೆಯ ಒಂದು ಅಡಿಗೆ ಮಣ್ಣು ಸಾಲದೆ ತೋಡಿನ ಮರಳನ್ನೇ ಸುರಿದು ಮುಗಿಸಿದ ಕಟ್ಟದಲ್ಲಿ ನೀರು ಮೂರಡಿ ದಾಟುವುದೇ ಇಲ್ಲ. ಮಣ್ಣನ್ನು ಅರ್ಧ ಅಡಿ ಹಾಕಿ, ನೀರು ಚಿಮುಕಿಸಿ, ಮೆಟ್ಟಿ, ಮತ್ತೆ ಅರ್ಧ ಅಡಿ. ಹಿಡಿಯಷ್ಟು ಮಣ್ಣು ಉಂಡೆ ಕಟ್ಟಬೇಕು, ಕೈಗೆ ಕೆಸರಾಗಿ ಅಂಟಬಾರದು, ಅದೇ ಹದ. ನಡುವೆ ಬೈಹುಲ್ಲು ಚೂರು ಬೆರೆಸಿದರೆ ಬಿರುಕು ಕಡಿಮೆ.

ಸಿಲ್ಪಾಲಿನ್ ಹಾಕುವವರು 200 ಜಿಎಸ್‌ಎಂಗಿಂತ (ಚದರ ಮೀಟರಿಗೆ 200 ಗ್ರಾಂ ತೂಕ) ತೆಳ್ಳಗಿನದು ತರಬೇಡಿ. ಈ ಅಳತೆಯ ಕಟ್ಟಕ್ಕೆ 33 ಅಡಿ ಉದ್ದ, 12 ಅಡಿ ಅಗಲ ಬೇಕು. ತಳದಲ್ಲಿ 4 ಅಡಿ ಮೇಲ್ಬದಿಗೆ ಹಾಸಿ, ಅದರ ಅಂಚನ್ನು ಮಣ್ಣಿನಲ್ಲಿ ಹೂತು ಮೇಲೆ ಚೀಲ ಇಡಬೇಕು. ಹಾಳೆಯನ್ನು ಬಿಗಿಯಾಗಿ ಎಳೆಯಬಾರದು. ನೀರು ತುಂಬುವಾಗ ಚೀಲಗಳು ಕುಳಿತು ಮೂರು ನಾಲ್ಕು ಅಂಗುಲ ಇಳಿಯುತ್ತವೆ, ಬಿಗಿ ಹಾಳೆ ಆಗಲೇ ಹರಿಯುವುದು.

ಕೋಡಿ ನಡುವಿನಲ್ಲಿರಲಿ. ನಡುವೆ 6 ಅಡಿ ಉದ್ದಕ್ಕೆ ಗೋಡೆಯನ್ನು ಅರ್ಧ ಅಡಿ ತಗ್ಗಿಸಿ, ಅಡಿಕೆ ಮರದ ದಬ್ಬೆ ಹಾಸಿ ನೀರು ಗೋಡೆಯಿಂದ ಆಚೆ ಬೀಳುವಂತೆ ಮುಂದೆ ಚಾಚಿ. ಬೀಳುವ ಜಾಗದಲ್ಲಿ ದೊಡ್ಡ ಕಲ್ಲು ಹಾಕಿ, ಇಲ್ಲವಾದರೆ ಅಲ್ಲಿ ಗುಂಡಿ ಬಿದ್ದು ಗೋಡೆಯ ಕಾಲು ಸಡಿಲವಾಗುತ್ತದೆ.

ತಳ ಮೊದಲೇ ಸಿದ್ಧವಿದ್ದರೆ 25–30 ಜನ ಒಂದು ದಿನದಲ್ಲಿ ಇಷ್ಟನ್ನೂ ಮುಗಿಸಬಹುದು. ಇಬ್ಬರ ಜೋಡಿ ಗಂಟೆಗೆ 20 ಚೀಲ ತುಂಬುತ್ತದೆ, ಹತ್ತು ಜೋಡಿ ಎರಡೂವರೆ ಗಂಟೆಯಲ್ಲಿ 500. ಉಳಿದವರು ಚೀಲ ಇಡಲು, ಮಣ್ಣು ಮೆಟ್ಟಲು. ಮಣ್ಣು ಹೊರುವ ಬಾಂಡ್ಲಿ ಹತ್ತಾದರೂ ಇರಲಿ, ಜನ ಇದ್ದೂ ಬಾಂಡ್ಲಿ ಇಲ್ಲದೆ ನಿಂತಿರುವುದು ಪ್ರತಿ ಶ್ರಮದಾನದ ಗೋಳು.

ಶ್ರಮದಾನ ಎಂಬ ಮಾತು ಬಂದಿದ್ದಕ್ಕೆ ಒಂದು ಕಿರಿಕಿರಿ ಹೇಳಿಬಿಡಬೇಕು. ಕಟ್ಟದಿಂದ ಮೊದಲ ಲಾಭ ತೋಡಿನ ಬದಿಯ ತೋಟದವರಿಗೆ. ಫೆಬ್ರವರಿಯಿಂದ ಮೇವರೆಗೆ ನೀರು ಸಿಕ್ಕಿದರೆ ನಳ್ಳಿ (ಎಳೆ ಅಡಿಕೆ) ಉದುರುವುದು ಕಡಿಮೆಯಾಗಿ ಫಸಲು ಉಳಿಯುವುದು ಅವರದ್ದು. ದಿನಗೂಲಿಯಲ್ಲಿ ಬದುಕುವವರನ್ನು ಊರ ಕೆಲಸವೆಂದು ಕರೆದು ಒಂದು ದಿನದ ಸಂಬಳ ಬಿಡಿಸುವುದು ಸೇವೆಯಲ್ಲ, ಸುಲಿಗೆ. ಜಮೀನಿಲ್ಲದವರು ಬಂದರೆ ಸಂಬಳ ಕೊಡಿ. ಖರ್ಚನ್ನು ತೋಟದವರು ಎಕರೆ ಲೆಕ್ಕದಲ್ಲಿ ಹಂಚಿಕೊಳ್ಳಲಿ, ಕುಡಿಯುವ ಬಾವಿ ಮಾತ್ರ ಇರುವ ಮನೆಗಳಿಂದ ಹಣ ಬೇಡ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಪ್ರಗತಿಬಂಧು ಗುಂಪುಗಳಲ್ಲಿ ಸಣ್ಣ ರೈತರು ವಾರಕ್ಕೊಂದು ದಿನ ಸರದಿಯಂತೆ ಒಬ್ಬರ ಜಮೀನಿನಲ್ಲಿ ಇನ್ನೊಬ್ಬರು ದುಡಿಯುವ ಕ್ರಮವಿದೆ. ಅಲ್ಲಿ ಕೊಟ್ಟ ಆಳು ತಿರುಗಿ ಬರುತ್ತದೆ. ಅಂಥ ಗುಂಪು ಇರುವಲ್ಲಿ ಕಟ್ಟವನ್ನೂ ಸರದಿಯೊಳಗೆ ಸೇರಿಸುವುದು ಸುಲಭ.

ಕೊಯ್ಲು ಮುಗಿದು ಖಾಲಿ ಬಿದ್ದ ಗದ್ದೆ ಹಿನ್ನೀರಿನ ಬದಿಯಲ್ಲಿದ್ದರೆ ಡಿಸೆಂಬರ್‌ನಿಂದ ಏಪ್ರಿಲ್ ವರೆಗೆ ಸಂಘದ ಹೆಂಗಸರಿಗೆ ತರಕಾರಿಗೆ ಬಿಟ್ಟುಕೊಡುವುದು ಇನ್ನೊಂದು ದಾರಿ. ಸೌತೆ, ಅಲಸಂಡೆ, ಬೆಂಡೆ, ಬಸಳೆಗೆ ಕೊಡದಲ್ಲಿ ಹೊತ್ತ ನೀರೇ ಸಾಕಾಗುವ 10 ಸೆಂಟ್ಸ್ ಸಾಕು. ಊರಿನ ಅಂಗಡಿಗೆ ಘಟ್ಟದ ಮೇಲಿನಿಂದ ಬರುವ ತರಕಾರಿಯ ಒಂದು ಪಾಲು ಊರಲ್ಲೇ ಹುಟ್ಟುತ್ತದೆ, ಹಣವೂ ಊರಲ್ಲೇ ತಿರುಗುತ್ತದೆ. ಗೇಣಿಯ ಮಾತು, ಎಷ್ಟು ತಿಂಗಳು ಎಂಬುದು ಬಿತ್ತುವ ಮೊದಲೇ ಬರವಣಿಗೆಯಲ್ಲಿರಲಿ. ಬೆಳೆ ಬಂದ ಮೇಲೆ ಮಾತು ಬದಲಾಗುವ ಮನೆಗಳಿವೆ.

ಹೊಸದಾಗಿ ಕಟ್ಟುವ ಮೊದಲು ಒಂದು ಕಿಲೊಮೀಟರ್ ಮೇಲೆ ಕೆಳಗೆ ನಡೆದು ನೋಡಿ, ಸರ್ಕಾರದ ಕಿಂಡಿ ಅಣೆಕಟ್ಟು (ಕಂಬಗಳ ನಡುವಿನ ಕಿಂಡಿಗೆ ಹಲಗೆ ಇಳಿಸಿ ನೀರು ತಡೆಯುವಂಥದ್ದು) ಒಂದು ಹಲಗೆಯಿಲ್ಲದೆ ನಿಂತಿರಬಹುದು. ಪಶ್ಚಿಮ ವಾಹಿನಿ ಯೋಜನೆಯಲ್ಲಿ ಕರಾವಳಿಯ ನದಿ ತೋಡುಗಳಿಗೆ ಇಂಥವು ಬಂದಿವೆ. ಕಾಂಕ್ರೀಟು ಗಟ್ಟಿ, ಹಲಗೆ ಹಾಕುವವರು ಯಾರು ಎಂಬಲ್ಲಿ ಎಲ್ಲ ನಿಲ್ಲುತ್ತದೆ. ಸ್ವಯಂಸೇವಕರಿಗೆ ಇದಕ್ಕಿಂತ ಅಗ್ಗದ ಕೆಲಸವಿಲ್ಲ. ಪಂಚಾಯತಿಗೆ ಬರೆದು ಕೊಟ್ಟು ಹಲಗೆಯ ಜವಾಬ್ದಾರಿ ತೆಗೆದುಕೊಳ್ಳಿ. ಹಾಕುವ ಮೊದಲು ಹಲಗೆ ಕೂರುವ ಕಂಬದ ಕಾಡಿಯಲ್ಲಿರುವ ಕಲ್ಲು, ಪಾಚಿ ಕೆರೆದು ತೆಗೆಯಿರಿ, ಒಂದು ಕಲ್ಲು ಚೂರು ಉಳಿದರೂ ತಳದ ಹಲಗೆ ಓರೆಯಾಗಿ ಮೇಲಿನದೆಲ್ಲ ಸಂದು ಬಿಡುತ್ತದೆ. ಎರಡು ಸಾಲು ಹಲಗೆಯಿದ್ದರೆ ನಡುವೆ ಜೇಡಿಮಣ್ಣು ತುಂಬಿ ಮೆಟ್ಟಿ. ಪ್ರತಿ ಹಲಗೆಗೂ ಕಿಂಡಿಯ ನಂಬರು, ಸಾಲಿನ ನಂಬರು ಪೇಂಟಿನಲ್ಲಿ ಬರೆದಿಡಿ. ಮಳೆಗಾಲದಲ್ಲಿ ಮರದ ಹಲಗೆಯನ್ನು ಗೆದ್ದಲು ಹತ್ತದ ಹಾಗೆ ನೆಲದಿಂದ ಎತ್ತರಿಸಿ ಇಡಬೇಕು. ಫೈಬರ್ ಹಲಗೆಗೆ ಗೆದ್ದಲಿಲ್ಲ, ಕಳ್ಳರಿದ್ದಾರೆ, ಬೀಗವಿರುವ ಕೋಣೆ ಬೇಕು.

ಕಟ್ಟಿದ ಮೇಲಿನ ಮೊದಲ ವಾರ ದಿನಾ ಬೆಳಿಗ್ಗೆ ಒಬ್ಬರು ಕೆಳಬದಿಗೆ ಇಳಿದು ನೋಡಬೇಕು. ಜಿನುಗುವ ನೀರು ತಿಳಿಯಾಗಿದ್ದರೆ ಭಯವಿಲ್ಲ. ಕಲಕಲಾಗಿ ಬರುತ್ತಿದ್ದರೆ ಒಳಗೆ ಮಣ್ಣು ಕರಗುತ್ತಿದೆ ಎಂದರ್ಥ, ಅಂದೇ ಕೈ ಹಾಕಬೇಕು. ಸೋರುವ ಬಾಯಿಗೆ ಕೆಳಗಿನಿಂದ ಮಣ್ಣು ಮೆತ್ತಿ ಪ್ರಯೋಜನವಿಲ್ಲ. ಮೇಲ್ಬದಿಯಲ್ಲಿ ಮುಷ್ಟಿ ಮುಷ್ಟಿ ಒಣ ಮಣ್ಣು ಬಿಟ್ಟು, ಅದು ಯಾವ ಕಡೆ ಎಳೆದು ಹೋಗುತ್ತದೆ ಎಂದು ನೋಡಿ, ಅಲ್ಲಿ ತುಂಬಬೇಕು. ಆಮೇಲೆ ವಾರಕ್ಕೊಮ್ಮೆ ಸಾಕು. ಜೊತೆಗೆ ಎರಡೂ ದಂಡೆಯ ಮೂರು ನಾಲ್ಕು ಬಾವಿಗಳಲ್ಲಿ ಕಟ್ಟೆಯಿಂದ ನೀರಿಗೆ ಎಷ್ಟು ಅಡಿ ಎಂದು ಟೇಪಿನಲ್ಲಿ ಅಳೆದು ಬರೆಯಿರಿ. ಬೆಳಿಗ್ಗೆ ಪಂಪು ಹಾಕುವ ಮೊದಲೇ ಅಳೆಯಬೇಕು. ಕಟ್ಟದಿಂದ ದೂರದ, ಗುಡ್ಡದ ಆಚೆಯ ಒಂದು ಬಾವಿಯನ್ನೂ ಪಟ್ಟಿಯಲ್ಲಿ ಸೇರಿಸಿ, ಅದಿಲ್ಲದೆ ನೀರು ನಿಂತಿದ್ದು ಕಟ್ಟದಿಂದಲೋ ಒಳ್ಳೆಯ ಮಳೆಯಿಂದಲೋ ಹೇಳಲು ಬರುವುದಿಲ್ಲ. ಮುಂದಿನ ವರ್ಷ ಹಣ ಕೇಳಲು ಹೋದಾಗ ಫೋಟೊಗಿಂತ ಈ ಪುಸ್ತಕ ಹೆಚ್ಚು ಕೆಲಸ ಮಾಡುತ್ತದೆ.

ಬಿಚ್ಚುವುದು ಕಟ್ಟುವುದಕ್ಕಿಂತ ಕಡಿಮೆ ಕೆಲಸವಲ್ಲ, ಅದಕ್ಕೆ ಜನವೇ ಬರುವುದಿಲ್ಲ. ಮಳೆ ಒಯ್ಯಲಿ ಎಂದು ಬಿಟ್ಟರೆ 500 ಪ್ಲಾಸ್ಟಿಕ್ ಚೀಲ ಹೊಳೆ ಸೇರುತ್ತವೆ. ಸಿಮೆಂಟ್ ಚೀಲ ಬಿಸಿಲಿಗೆ ಒಂದೇ ಬೇಸಗೆಯಲ್ಲಿ ಪುಡಿಯಾಗಿ ಎಳೆ ಎಳೆ ಬಿಡುತ್ತದೆ. ಕಟ್ಟಿದ ದಿನವೇ ಮೇಲೆ ಅಡಿಕೆ ಸೋಗೆ ದಪ್ಪವಾಗಿ ಹೊದಿಸಿದರೆ ಮೇ ವರೆಗೆ ಎತ್ತುವಷ್ಟು ಗಟ್ಟಿ ಉಳಿಯುತ್ತದೆ. ಪತ್ತನಾಜೆಯ ಹೊತ್ತಿಗೆ (ಮೇ ಕೊನೆಯ ವಾರ ಬರುವ ತುಳುನಾಡಿನ ಆಚರಣೆ) ಬಿಚ್ಚುವ ದಿನ ಗೊತ್ತು ಮಾಡಿ, ಮೊದಲ ಮಳೆಗೆ ಮೀನು ತೋಡು ಹತ್ತುವ ಮೊದಲೇ ದಾರಿ ತೆರೆದಿರಬೇಕು. ಸಾಲು ಕಟ್ಟಗಳಿದ್ದರೆ ಅತಿ ಕೆಳಗಿನದನ್ನು ಮೊದಲು ಬಿಚ್ಚಿ. ಮೇಲಿನಿಂದ ಶುರು ಮಾಡಿದರೆ ಬಿಟ್ಟ ನೀರು ಕೆಳಗಿನದನ್ನು ಗುದ್ದಿ ಒಡೆದು, ಅದರ ಚೀಲವೂ ಮಣ್ಣೂ ಇನ್ನೂ ಕೆಳಗಿನದರ ಮೇಲೆ ಬೀಳುತ್ತದೆ. ಮೊದಲು ಪೈಪಿನ ಮುಚ್ಚಳ ತೆಗೆದು ನೀರು ಇಳಿಸಿ, ಆಮೇಲೆ ಕೋಡಿಯ ಕಡೆಯಿಂದ ಚೀಲ ಎತ್ತಿ. ಮರಳು ತೋಡಿಗೇ ಸುರಿಯಿರಿ, ಜೇಡಿಮಣ್ಣನ್ನು ದಂಡೆಯ ಮೇಲೆ ರಾಶಿ ಹಾಕಿ ಸೋಗೆ ಮುಚ್ಚಿಡಿ, ಮುಂದಿನ ಡಿಸೆಂಬರ್‌ಗೆ ಎರಡು ಲೋಡಿನ ಖರ್ಚು ಉಳಿಯುತ್ತದೆ. ಚೀಲಗಳನ್ನು ಎಣಿಸಿ ಮೇಲೆ ತನ್ನಿ. ಕಟ್ಟಿದಾಗ 500 ಇದ್ದು ಬಿಚ್ಚುವಾಗ 380 ಸಿಕ್ಕಿದರೆ ಉಳಿದ 120 ಎಲ್ಲಿ ಹೋಯಿತು ಎಂದು ಅಂದೇ ಕೆಳಗಿನ ತಿರುವಿನವರೆಗೆ ಹುಡುಕಬೇಕು, ಮರುದಿನ ಮಳೆ ಬಂದರೆ ಸಿಗುವುದಿಲ್ಲ.